ಆಫ್ರಿಕಾ ನೋಡಿದ ಅಡಿಗೆಯವನು

ನೈರೋಬಿಯಿಂದ ನೂರು ಮೈಲಿ ಆಚೆ, ಕಾಡಿನ ನಡುವೆ, ಡೇರೆಯೊಳಗೆ ನಾನು ಮೆಣಸಿನ ಸಾರು ಕುದಿಸುತ್ತಿದ್ದೆ. ಒಗ್ಗರಣೆ ಚಟಪಟ ಅಂದದ್ದೇ ತಡ, ಬಾಗಿಲಲ್ಲಿ ಸಿಂಹ ಬಂದು ನಿಂತಿತು. ಪಾಪ, ಅದಕ್ಕೆ ನೆಗಡಿಯಾಗಿತ್ತು. ಕಣ್ಣಲ್ಲೂ ಮೂಗಲ್ಲೂ ನೀರು. ನಾನು ಹೆದರಲಿಲ್ಲ. ಒಂದು ತಂಬಿಗೆ ಸಾರು ತುಂಬಿ ಮುಂದಿಟ್ಟೆ. ಲೊಚಲೊಚ ಕುಡಿದು ಎರಡು ಸಲ ಸೀನಿತು. ಮೊದಲನೆಯ ಸೀನಿಗೆ ಡೇರೆಯ ಹಗ್ಗ ಕಿತ್ತವು, ಎರಡನೆಯದಕ್ಕೆ ಡೇರೆಯೇ ಹಾರಿ ಟಾಂಜಾನಿಯಾದಲ್ಲಿ ಬಿತ್ತು. ಮರುದಿನ ಅದೇ ಹೊತ್ತಿಗೆ ಸಿಂಹ ಹೆಂಡತಿಯನ್ನೂ ಕರೆದುಕೊಂಡು ಬಂತು.

ಈ ಕತೆಯನ್ನು ಅಮೆರಿಕಾದ ಕ್ಯಾಂಪ್‌ಬೆಲ್ ಊರಿನ ಶೇಷಗಿರಿ ರಾಯರ ಅಡಿಗೆಮನೆಯಲ್ಲಿ ನಾನು ನಲವತ್ತು ಸಲವಾದರೂ ಹೇಳಿದ್ದೇನೆ. ಪ್ರತಿ ಸಲವೂ ಸಿಂಹದ ನೆಂಟರು ಒಬ್ಬಿಬ್ಬರು ಹೆಚ್ಚಾಗುತ್ತಿದ್ದರು. ನಿಜ ಹೇಳಬೇಕೆಂದರೆ ಆಫ್ರಿಕಾದ ಮಣ್ಣಿನ ಬಣ್ಣ ಯಾವುದೆಂದು ನನಗೆ ಗೊತ್ತಿಲ್ಲ. ವಿಮಾನದ ಪರದೆಯ ಮೇಲೆ ನಕ್ಷೆ ತೋರಿಸುವಾಗ ಒಂದು ಮೂಲೆಯಲ್ಲಿ ಕಂಡಿತ್ತು, ಅಷ್ಟೇ.

ನನ್ನ ಹೆಸರು ಆನಂದತೀರ್ಥ. ಸವಣೂರಿನವನು. ನಾಲ್ಕನೆಯ ಇಯತ್ತೆಯಲ್ಲಿ ಮಾಸ್ತರರು ನಪಾಸು ಮಾಡಿ ಎರಡನೆಯ ಸಲ ಕೂಡಿಸಿದಾಗ ಎದ್ದು ಮಠದ ಅಡಿಗೆಮನೆಗೆ ಹೋದವನು ಮತ್ತೆ ಶಾಲೆಯ ಕಡೆ ತಿರುಗಿ ನೋಡಲಿಲ್ಲ. ಇಲ್ಲಿ ಎಲ್ಲರೂ ನನ್ನನ್ನು ಆಚಾರ್ರು ಅನ್ನುತ್ತಾರೆ. ಸ್ಯಾನ್ ಹೊಸೆಯಲ್ಲಿ ಒಬ್ಬರ ಹಿತ್ತಲಿನ ಕೋಣೆಯಲ್ಲಿ ಇರುತ್ತೇನೆ. ಬೆಳಿಗ್ಗೆ ಲೈಟ್ ರೈಲು ಹತ್ತಿ ಕ್ಯಾಂಪ್‌ಬೆಲ್ಲಿಗೆ ಬಂದು ಸತ್ಯವತಮ್ಮನವರಿಗೆ ಅಡಿಗೆ ಮಾಡಿ ಬಡಿಸುವುದು ನನ್ನ ಕೆಲಸ.

ಸತ್ಯವತಮ್ಮ ಶೇಷಗಿರಿ ರಾಯರ ತಾಯಿ. ಎಂಬತ್ತೆರಡು ವರ್ಷ. ಮೈಸೂರಿನವರು. ಭಾರಿ ಮಡಿ. ಅವರಿಗೆಂದೇ ಅಡಿಗೆಮನೆಯ ಮೂಲೆಯಲ್ಲಿ ಬೇರೆ ಒಲೆ, ಬೇರೆ ಪಾತ್ರೆ. ಮಾಧ್ವನೊಬ್ಬ ಸ್ನಾನ ಮಾಡಿ, ಯಾರೂ ಮುಟ್ಟದ ಹಾಗೆ ಒಣಗಿಸಿದ ಪಂಚೆ ಉಟ್ಟು, ಆ ಒಲೆಯ ಮೇಲೆ ಮಾಡಿದ್ದನ್ನು ಮಾತ್ರ ಉಣ್ಣುತ್ತಾರೆ. ಮೂರು ವರ್ಷದ ಹಿಂದಿನ ತನಕ ತಾವೇ ಮಾಡಿಕೊಳ್ಳುತ್ತಿದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದ ಮೇಲೆ ಒಲೆಯ ಮುಂದೆ ನಿಲ್ಲಲು ಆಗಲಿಲ್ಲ. ಸೊಸೆ ವಾರಿಜಾ ಡಾಕ್ಟರು, ಮನೆಯಲ್ಲಿ ಕಾಣಿಸುವುದೇ ಅಪರೂಪ. ಮೊಮ್ಮಗಳು ತನ್ವಿ ಕಾಲೇಜಿನ ಹುಡುಗಿ, ನೀರು ಕಾಯಿಸುವುದಕ್ಕೂ ಫೋನಿನಲ್ಲಿ ವಿಡಿಯೋ ನೋಡುವವಳು. ಹೀಗಾಗಿ ನನ್ನನ್ನು ಹುಡುಕಿ ಕರೆತಂದರು.

ಮೇ ತಿಂಗಳ ಒಂದು ಶನಿವಾರ ಶೇಷಗಿರಿ ರಾಯರು ಅಡಿಗೆಮನೆಯ ಬಾಗಿಲಿಗೆ ಬಂದರು. ಮುಖದ ತುಂಬ ನಗು.

"ಆಚಾರ್ರೇ, ಬನ್ನಿ, ಕೂತ್ಕೊಳ್ಳಿ. ಒಂದು ಸರ್‌ಪ್ರೈಸು."

"ಮಡ್ಯಾಗ ಇದ್ದೀನ್ರಿ ರಾಯರ. ಅಲ್ಲಿಂದನ ಹೇಳ್ರಿ."

"ಆಗಸ್ಟಲ್ಲಿ ನನಗೆ ಅರವತ್ತಾಗುತ್ತೆ. ಎಲ್ಲರೂ ಶಾಂತಿ ಮಾಡಿಸ್ಕೊ ಅಂತಾರೆ. ಶಾಂತಿ ಆಮೇಲೆ ನೋಡ್ಕೊಳ್ಳೋಣ, ಮೊದಲು ಸಫಾರಿ! ಕೀನ್ಯಾ, ಹನ್ನೆರಡು ದಿನ. ಅಮ್ಮನೂ ಬರ್ತಾರೆ."

"ಭಾಳ ಛಲೋ ಆತ್ರಿ! ಆದ್ರ ಅಮ್ಮಾವ್ರ ಊಟ?"

"ಅದಕ್ಕೇ ತಾನೆ ನೀವಿರೋದು? ನೀವೂ ಬರ್ತಿದೀರಿ."

ನಾನು ನಕ್ಕೆ. ನಗು ನಿಲ್ಲಿಸಬೇಕು ಅಂದರೂ ನಿಲ್ಲಲಿಲ್ಲ, ಹೆದರಿದಾಗ ನನಗೆ ಹಾಗೆಯೇ.

ರಾಯರು ಎಲ್ಲ ವ್ಯವಸ್ಥೆ ಮಾಡಿ ಮುಗಿಸಿದ್ದರು. ಅಲ್ಲಿಯ ಪ್ರವಾಸದ ಕಂಪನಿಯವರ ಜೊತೆ ಮೂರು ತಿಂಗಳು ಈಮೇಲಿನಲ್ಲಿ ಗುದ್ದಾಡಿ, ಅಮ್ಮನ ಅಡಿಗೆಗೆ ಬೇರೆ ಡೇರೆ, ಹೊಸ ಗ್ಯಾಸಿನ ಒಲೆ, ಮಾಂಸ ಸೋಕದ ಹೊಸ ಪಾತ್ರೆ, ಎಲ್ಲ ಒಪ್ಪಿಸಿದ್ದರು.

"ಮಡಿ ಅಂದ್ರೇನು ಅಂತ ಅವರಿಗೆ ಎರಡು ಪೇಜ್ ಬರೆದು ಕಳಿಸಿದೆ. ಅಡಿಗೆ ಮಾಡೋವಾಗ ಅವರನ್ನ ಯಾರೂ ಮುಟ್ಟಬಾರದು ಅಂತ. ಅದಕ್ಕೆ ಅಲ್ಲಿಯ ಮ್ಯಾನೇಜರು ಏನು ಬರೆದ ಗೊತ್ತಾ? ಸರಿ ಸಾರ್, ನಮ್ಮವರಿಗೆಲ್ಲ ಹೇಳ್ತೀನಿ, ಆದರೆ ಚಿರತೆಗಳಿಗೆ ನೀವೇ ಹೇಳ್ಕೊಳ್ಳಿ ಅಂದ!"

ತನ್ವಿ ಕುಣಿದಳು. "ಆಚಾರ್ ಅಂಕಲ್, ಯೂ ಕ್ಯಾನ್ ಬಿ ಅವರ್ ಗೈಡ್! ನಿಮ್ಮ ಲಯನ್ ಫ್ರೆಂಡ್ ಸಿಗ್ತಾನೆ!"

"ಅವನ ಸಿಂಹ ಕೇಳಿ ಕೇಳಿ ನನಗೆ ಸಾಕಾಗಿದೆ," ಅಂದರು ಸತ್ಯವತಮ್ಮ. "ನನಗೆ ಜಿರಾಫೆ ನೀರು ಕುಡಿಯೋದು ನೋಡಬೇಕು. ನೀನೇ ಅಲ್ವೇನೋ ಹೇಳಿದ್ದು, ಕಾಲು ಅಗಲಿಸಿ ನಿಂತು ಬಗ್ಗುತ್ತೆ ಅಂತ? ಅಷ್ಟೆತ್ತರದ್ದು ಬಗ್ಗೋದು ಹೇಗೆ ಅಂತ ನೋಡಬೇಕು ಕಣೋ. ನನಗೆ ದೇವರ ಮುಂದೆ ಬಗ್ಗಕ್ಕೂ ಆಗಲ್ಲವಲ್ಲ."

ಈ ಆಸೆ ಅವರೊಳಗೆ ಹುಟ್ಟಿದ್ದು ನನ್ನ ಬಾಯಿಂದಲೇ. ಸೊಂಟ ಮುರಿದು ಮಲಗಿದ್ದಾಗ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಎರಡು ತುತ್ತು ಹೆಚ್ಚು ಉಣ್ಣಲಿ ಅಂತ ನಾನು ಬಾಗಿಲಲ್ಲಿ ನಿಂತು ಆಫ್ರಿಕಾದ ಬುರುಡೆ ಬಿಡುತ್ತಿದ್ದೆ. ತುತ್ತಿಗೊಂದು ಪ್ರಾಣಿ. ಹುಳಿ ಅನ್ನಕ್ಕೆ ಆನೆ, ಮಜ್ಜಿಗೆ ಅನ್ನಕ್ಕೆ ಜಿರಾಫೆ.

ವಾರಿಜಾ ಡಾಕ್ಟರು ಆ ದಿನ ನನ್ನನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದರು: "ಅತ್ತೆ ಹಾರ್ಟು ಈ ವರ್ಷ ತಡೆಯುತ್ತೆ. ಮುಂದಿನ ವರ್ಷ ಅಂದ್ರೆ ನಾನೇ ಬೇಡ ಅಂತೀನಿ. ನೀವು ಬರ್ತಿರೋದು ದೊಡ್ಡ ಧೈರ್ಯ ಆಚಾರ್ರೇ."

ನಾನು ಹೋಗಲಾರೆ. ಯಾಕೆಂದರೆ ಈ ದೇಶದಿಂದ ಹೊರಗೆ ಕಾಲಿಟ್ಟರೆ ನನ್ನನ್ನು ಮತ್ತೆ ಒಳಗೆ ಬಿಡುವುದಿಲ್ಲ.

ಹದಿಮೂರು ವರ್ಷದ ಹಿಂದೆ ದೂರದ ಇನ್ನೊಂದು ರಾಜ್ಯದ ದೇವಸ್ಥಾನವೊಂದಕ್ಕೆ ಅಡಿಗೆಯವನಾಗಿ ಬಂದೆ. ಆಗ ಎಲ್ಲ ಕಾಗದ ಸರಿಯಾಗಿದ್ದವು. ವೀಸಾದ ಅವಧಿ ಮುಗಿಯುವ ಹೊತ್ತಿಗೆ ಅದನ್ನು ಮುಂದುವರಿಸಲು ದೇವಸ್ಥಾನದವರು ಅರ್ಜಿ ಹಾಕಿದರು. ಕೆಲವು ತಿಂಗಳ ಮೇಲೆ ನನ್ನ ಹೆಸರಿಗೆ ಸರ್ಕಾರದ ಕಾಗದ ಬಂತು. ಮೇಲೆ ಗರುಡನ ಮುದ್ರೆ. ಇಂಗ್ಲಿಷು ನನಗೆ ಬಾರದು, ಆದರೆ ಗರುಡನನ್ನು ನೋಡಿದ ಮೇಲೆ ಮಾಧ್ವನಿಗೆ ಅನುಮಾನ ಯಾಕೆ? ಕೆಲಸ ಆಯಿತೆಂದು ತಿಳಿದು ಅದನ್ನು ರಾಘವೇಂದ್ರ ಸ್ವಾಮಿಗಳ ಪಟದ ಮುಂದಿಟ್ಟು, ದಿನಾ ಅಕ್ಷತೆ ಹಾಕಿ ನಮಸ್ಕಾರ ಮಾಡಿದೆ. ಎಂಟು ತಿಂಗಳ ಮೇಲೆ ಭಕ್ತರೊಬ್ಬರು ಓದಿ ನೋಡಿದರು. ಅರ್ಜಿ ತಿರಸ್ಕಾರವಾಗಿದೆ, ದೇಶ ಬಿಡಬೇಕು ಎಂದಿತ್ತು ಅದರಲ್ಲಿ. ಎಂಟು ತಿಂಗಳು ನಾನು ಪೂಜೆ ಮಾಡಿದ್ದು ಅದನ್ನು.

ಹೆದರಿಕೊಂಡು ಬಸ್ಸು ಹತ್ತಿ ಇಲ್ಲಿಗೆ ಬಂದೆ. ಊರಲ್ಲಿ ತಾಯಿಯಿಲ್ಲದ ಮಗಳು ಓದುತ್ತಿದ್ದಳು. ಇವತ್ತು ಹೋದರಾಯಿತು, ನಾಳೆ ಹೋದರಾಯಿತು ಅನ್ನುತ್ತಲೇ ವರ್ಷಗಳು ಕಳೆದವು. ಪಾಸ್‌ಪೋರ್ಟಿನ ಅವಧಿಯೂ ತೀರಿತು. ಯಾರಾದರೂ ಕೇಳಿದರೆ ಏನು ಹೇಳುವುದು? ಹೆದರುವವನ ಮೇಲೆ ಎಲ್ಲರಿಗೂ ಅನುಮಾನ ಬರುತ್ತದೆ, ಬಡಾಯಿ ಕೊಚ್ಚುವವನ ಮೇಲೆ ಯಾರಿಗೂ ಬರುವುದಿಲ್ಲ. ಹಾಗಾಗಿ ನಾನು ಎಲ್ಲ ದೇಶ ತಿರುಗಿದವನಾದೆ. ಕಾರು ಯಾಕೆ ಓಡಿಸುವುದಿಲ್ಲ ಎಂದರೆ, ಘೇಂಡಾಮೃಗವೊಂದು ನನ್ನ ಜೀಪಿಗೆ ಗುದ್ದಿದಾಗಿನಿಂದ ಸ್ಟೇರಿಂಗು ಮುಟ್ಟುವುದಿಲ್ಲ ಅನ್ನುತ್ತಿದ್ದೆ. ಜನ ನಗುತ್ತಿದ್ದರು. ನಕ್ಕವರು ಮುಂದೆ ಏನನ್ನೂ ಕೇಳುವುದಿಲ್ಲ.

ಆದರೆ ಶೇಷಗಿರಿ ರಾಯರು ಕೇಳುವವರು. ಹದಿನೆಂಟು ಸಾಲಿನ ಪಟ್ಟಿ ಮಾಡಿ ಫ್ರಿಜ್ಜಿಗೆ ಅಂಟಿಸಿದ್ದರು. ಚುಚ್ಚುಮದ್ದು, ಟೋಪಿ, ಅಮ್ಮನ ವಾಕರು, ಎಲ್ಲದರ ಮುಂದೆ ಗುರುತು ಹಾಕಿಯಾಗಿತ್ತು. ಒಂದು ಸಾಲು ಮಾತ್ರ ಖಾಲಿ: ಆಚಾರ್ರ ಪಾಸ್‌ಪೋರ್ಟು.

ನಾನು ಒಂದೊಂದೇ ನೆಪ ಹೂಡಿದೆ.

"ಅಮ್ಮಾ, ಆಗಸ್ಟದಾಗ ಚಾತುರ್ಮಾಸ ಇರ್ತದರಿ. ಚಾತುರ್ಮಾಸದಾಗ ನದಿ ದಾಟಬಾರದು ಅಂತಾರ. ನಾವು ಸಮುದ್ರನ ದಾಟಿದ್ರ?"

"ಅದು ಸನ್ಯಾಸಿಗಳಿಗೆ ಕಣೋ. ನೀನು ಯಾವತ್ತು ಸನ್ಯಾಸ ತಗೊಂಡೆ? ನನಗೆ ಹೇಳಲೇ ಇಲ್ಲ."

"ಹಂಗಲ್ರಿ, ಆಗಸ್ಟದಾಗ ಮೊಸರಿನ ವ್ರತ ಬ್ಯಾರೆ..."

"ಮೊಸರು ಬಿಡಬೇಕು, ಅಷ್ಟೇ ತಾನೆ? ಆಫ್ರಿಕಾದಲ್ಲಿ ನನಗೆ ಯಾರು ಮೊಸರು ಇಟ್ಕೊಂಡು ಕಾಯ್ತಿದಾರೆ?"

ಮೊಣಕಾಲು ನೋವು ಅಂದೆ. ವಾರಿಜಾ ಡಾಕ್ಟರು ಅಲ್ಲೇ ಕೂಡಿಸಿ ಮೊಣಕಾಲು ಬಗ್ಗಿಸಿ ನೋಡಿ, "ನನಗಿಂತ ಚೆನ್ನಾಗಿದೆ" ಅಂದರು. ವಿಮಾನದಲ್ಲಿ ತಲೆ ಸುತ್ತುತ್ತದೆ ಅಂದೆ. "ಹೋದ ವರ್ಷ ಮಗಳ ಮದುವೆಗೆ ಹೋಗಿ ಬಂದ್ರಲ್ಲ, ಆಗ ಸುತ್ತಲಿಲ್ವಾ?" ಅಂದರು ರಾಯರು.

ಜೂನ್ ಮುಗಿಯಿತು. ಪ್ರತಿದಿನ ಸಂಜೆ ರಾಯರು ಆಫೀಸಿನಿಂದ ಬಂದವರೇ, "ತಂದ್ರಾ?" ಅನ್ನುತ್ತಿದ್ದರು. "ಪೆಟ್ಟಿಗ್ಯಾಗ ಅದರಿ, ಪೆಟ್ಟಿಗಿ ಕೀಲಿ ಸ್ಯಾನ್ ರಮೋನದಾಗ ಗೆಳೆಯನ ಕಡೆ ಅದರಿ," ಅನ್ನುತ್ತಿದ್ದೆ. ಮರುದಿನ ಗೆಳೆಯ ಲಾಸ್ ಏಂಜಲೀಸಿಗೆ ಹೋಗಿರುತ್ತಿದ್ದ. ಇಲ್ಲದ ಗೆಳೆಯನನ್ನು ನಾನು ಒಂದೇ ತಿಂಗಳಲ್ಲಿ ಅರ್ಧ ಅಮೆರಿಕಾ ತಿರುಗಿಸಿದೆ.

ಈ ವರ್ಷ ಊರೆಲ್ಲ ಅದೇ ಸುದ್ದಿ. ಕಾಗದವಿಲ್ಲದವರನ್ನು ಅಲ್ಲಿ ಹಿಡಿದರಂತೆ, ಇಲ್ಲಿ ಹಿಡಿದರಂತೆ. ಒಂದು ಬೆಳಿಗ್ಗೆ ಲೈಟ್ ರೈಲಿನಲ್ಲಿ ಸಮವಸ್ತ್ರದವನೊಬ್ಬ ಹತ್ತಿದ. ಟಿಕೀಟು ನೋಡುವವನು, ಬೇರೇನಲ್ಲ. ಆದರೂ ನಾನು ಎರಡು ಸ್ಟೇಶನ್ ಮೊದಲೇ ಇಳಿದು, ಬಿಸಿಲಲ್ಲಿ ನಡೆದುಕೊಂಡು ಹೋದೆ. ಸತ್ಯವತಮ್ಮನವರ ಊಟಕ್ಕೆ ಮುಕ್ಕಾಲು ಗಂಟೆ ತಡವಾಯಿತು. ಅವರು ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು, ತನ್ವಿ ತಂದುಕೊಟ್ಟ ದುರ್ಬೀನು ಕಣ್ಣಿಗಿಟ್ಟುಕೊಂಡು, ಬೇಲಿಯ ಮೇಲಿನ ಅಳಿಲು ನೋಡುತ್ತಿದ್ದರು.

"ಅಭ್ಯಾಸ ಮಾಡ್ಕೊಳ್ತಿದೀನಿ," ಅಂದರು. "ಅಳಿಲೇ ಕಾಣದಿದ್ರೆ ಅಲ್ಲಿ ಹೋಗಿ ಏನು ನೋಡ್ಲಿ?"

ಆ ದಿನ ಗುರುವಾರ. ಶುಕ್ರವಾರದೊಳಗೆ ಪಾಸ್‌ಪೋರ್ಟಿನ ನಂಬರು ಕೊಡದಿದ್ದರೆ ನನ್ನ ಟಿಕೀಟು ರದ್ದಾಗುತ್ತದೆ, ನನ್ನದು ರದ್ದಾದರೆ ಅಮ್ಮನದನ್ನೂ ತಾವೇ ರದ್ದು ಮಾಡಬೇಕಾಗುತ್ತದೆ ಎಂದು ರಾಯರು ಬೆಳಿಗ್ಗೆಯೇ ಹೇಳಿ ಹೋಗಿದ್ದರು. ತರಕಾರಿ ಬಿಟ್ಟ ವ್ರತದ ತಿಂಗಳು. ಹೆಸರುಬೇಳೆ ತೊವ್ವೆ, ಮಾವಿನಕಾಯಿ ಸಾರು ಬಡಿಸಿದೆ. ಅವರು ಉಂಡು, ಕೈ ತೊಳೆದು, ಹತ್ತಿ ತಗೊಂಡು ಹೂಬತ್ತಿ ಹೊಸೆಯಲು ಕೂತರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಅಮ್ಮಾ," ಅಂದೆ. "ನನ್ನ ಕಡೆ ಕಾಗದಪತ್ರ ಇಲ್ರಿ."

ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತು."

"ಏನ್ ಗೊತ್ತರಿ?"

"ಮಗಳ ಮದುವೆಗೆ ಹೋಗಿ ಬಂದೆ ಅಂದೆ. ಮದುವೆಗೆ ಮೂರು ಆನೆ ಬಂದಿತ್ತು ಅಂದೆ. ಬಂದಿರಬಹುದು, ನಾನೇನು ಕಂಡೆ. ಆದರೆ ಊರಿಗೆ ಹೋಗಿ ಬಂದವನು ನನಗೆ ಒಂದು ಕಾಳು ಮಂತ್ರಾಕ್ಷತೆ ತರಲಿಲ್ಲ. ಸವಣೂರಿನ ಮಾಧ್ವ, ಮಗಳ ಮದುವೆ ಮುಗಿಸಿ, ಮಠಕ್ಕೆ ಹೋಗದೆ, ಮಂತ್ರಾಕ್ಷತೆ ಇಲ್ಲದೆ ವಾಪಸ್ ಬರ್ತಾನೇನೋ? ಆವತ್ತೇ ಅಂದ್ಕೊಂಡೆ, ಇವನು ಎಲ್ಲಿಗೂ ಹೋಗಿಲ್ಲ ಅಂತ."

ಬಾಗಿಲ ಹತ್ತಿರ ನೆಲದ ಮೇಲೆ ಕೂತೆ. ಮೂರು ಆನೆಗೆ ಅಂಬಾರಿ, ಮಾವುತರಿಗೆ ಪೇಟ, ಎಲ್ಲ ಯೋಚನೆ ಮಾಡಿದ್ದೆ. ಒಂದು ಹಿಡಿ ಅಕ್ಕಿಗೆ ಅರಿಸಿನ ಹಚ್ಚುವುದು ಹೊಳೆದಿರಲಿಲ್ಲ.

"ಮತ್ತ ಕೇಳಲಿಲ್ಲ ಯಾಕ್ರಿ?"

"ಕೇಳಿದ್ರೆ ಇನ್ನೊಂದು ಕತೆ ಹೇಳ್ತಿದ್ದೆ." ಒಂದು ಬತ್ತಿ ಮುಗಿಸಿ ಇನ್ನೊಂದಕ್ಕೆ ಹತ್ತಿ ತೆಗೆದುಕೊಂಡರು. "ಈಗ ಕೇಳು. ಶೇಷುಗೆ ಇದನ್ನ ಹೇಳಬೇಡ. ಅವನು ಕಾನೂನು ಅಂದ್ರೆ ನಡುಗ್ತಾನೆ. ರಸ್ತೆ ಖಾಲಿ ಇದ್ರೂ ಸ್ಟಾಪ್ ಬೋರ್ಡಿನ ಮುಂದೆ ನಿಂತು ಮೂರು ಎಣಿಸ್ತಾನೆ. ನಾನೇ ಬರಲ್ಲ ಅಂತೀನಿ. ನಿನ್ನ ಮಾತೇ ಏಳಲ್ಲ."

"ಬ್ಯಾಡ್ರಿ ಅಮ್ಮಾ. ಡಾಕ್ಟರು ಈ ವರ್ಷನ ಅಂದಾರ..."

"ನನ್ನ ಹಾರ್ಟಿನ ವಿಷಯ ನನಗೆ ಹೇಳಬೇಡ. ಪಾತ್ರೆ ತೊಳಿ ಹೋಗು."

ಸಂಜೆ ರಾಯರು ಬಂದರು. ಜೊತೆಗೆ ತನ್ವಿಯೂ ಬಂದಳು. ಚಪ್ಪಲಿ ಬಿಡುವ ಮೊದಲೇ, "ತಂದ್ರಾ ಆಚಾರ್ರೇ?" ಅಂದರು.

"ಶೇಷು, ಅವನನ್ನ ಬಿಡು," ಅಂದರು ಸತ್ಯವತಮ್ಮ. "ನಾನು ಬರಲ್ಲ."

"ಏನಮ್ಮಾ?"

"ನನಗೆ ಪ್ರಾಣಿ ಕಂಡರೆ ಆಗಲ್ಲ. ಮೊದಲಿಂದಲೂ ಆಗಲ್ಲ. ವಾಸನೆ."

ಜೀವನದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದವರು. ಮುಖ ಗೋಡೆಯ ಕಡೆಗಿತ್ತು. ದುರ್ಬೀನು ಮಡಿಲಲ್ಲೇ ಇತ್ತು, ಅದರ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ಅಜ್ಜೀ! ಯೂ ವಾಚ್ ಜಿರಾಫ್ ವಿಡಿಯೋಸ್ ಆಲ್ ಡೇ!" ಅಂದಳು ತನ್ವಿ.

"ಅದು ನಿದ್ದೆ ಬರಲಿ ಅಂತ."

ರಾಯರು ಸೋಫಾದ ಅಂಚಿಗೆ ಕೂತರು. "ಅಮ್ಮಾ, ನಿಮಗೋಸ್ಕರ ತಾನೆ ಇದೆಲ್ಲ? ಮೂರು ತಿಂಗಳು ಒದ್ದಾಡಿದೀನಿ. ಈ ವರ್ಷ ಬಿಟ್ರೆ..."

"ಈ ವರ್ಷ ಬಿಟ್ರೆ ಬಿಟ್ಟಹಾಗೆ," ಅಂದರು ಸತ್ಯವತಮ್ಮ. ಆ ಮಾತು ಮಾತ್ರ ಸುಳ್ಳಾಗಿರಲಿಲ್ಲ. ಅದನ್ನು ಹೇಳುವಾಗ ಅವರ ದನಿ ಎಷ್ಟು ಸಣ್ಣಗಿತ್ತೆಂದರೆ, ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು ನಾನು ಅಡಿಗೆಮನೆಯಿಂದ ಹೊರಗೆ ಬಂದೆ.

"ರಾಯರ, ಅಮ್ಮಾವ್ರು ನನ್ನ ಸಲುವಾಗಿ ಹಂಗ ಅಂತಾರ್ರಿ. ನಂಗ ಪಾಸ್‌ಪೋರ್ಟ್ ಇಲ್ಲ. ವೀಸಾ ಇಲ್ಲ. ಹತ್ತು ವರ್ಷದಿಂದ ಇಲ್ಲ. ಹೋದ್ರ ವಾಪಸ್ ಬರಾಕ ಆಗೂದಿಲ್ಲ."

ತನ್ವಿ ಕಿಲಕಿಲ ನಕ್ಕಳು. "ನೈಸ್ ಒನ್, ಅಂಕಲ್!"

"ಆಚಾರ್ರೇ, ಪ್ಲೀಸ್," ಅಂದರು ರಾಯರು. "ಈಗ ಕತೆ ಬೇಡ. ಮನಸ್ಸು ಸರಿಯಿಲ್ಲ."

"ಕತಿ ಅಲ್ರಿ."

"ಹೋದ ವಾರ ಪೆಟ್ಟಿಗೆ ಕೀಲಿ, ಅದರ ಹಿಂದಿನ ವಾರ ಸನ್ಯಾಸ, ಈಗ ವೀಸಾ ಇಲ್ವಾ? ನಿಮಗೆ ಬರೋಕೆ ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳಿ."

ಹತ್ತು ವರ್ಷ ಹೇಳಿದ ಸುಳ್ಳನ್ನು ಸತ್ಯವತಮ್ಮನವರನ್ನು ಬಿಟ್ಟು ಒಬ್ಬರೂ ಅನುಮಾನಿಸಲಿಲ್ಲ. ಒಂದು ನಿಜ ಹೇಳಿದರೆ ನಂಬಿಸಲು ನಾನು ಬೆವರಬೇಕಾಯಿತು. ಪಂಚೆ ಇಡುವ ಚೀಲದ ತಳದಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ, ಅವಧಿ ತೀರಿದ ಪಾಸ್‌ಪೋರ್ಟು ತೆಗೆದು ಮೇಜಿನ ಮೇಲಿಟ್ಟೆ.

ರಾಯರು ಒಂದೊಂದೇ ಪುಟ ತಿರುಗಿಸಿದರು. ಖಾಲಿ ಪುಟಗಳನ್ನೂ ಬಿಡಲಿಲ್ಲ. ಕೊನೆಗೆ ಮತ್ತೆ ಮೊದಲ ಪುಟಕ್ಕೆ ಬಂದು ತಾರೀಕು ನೋಡಿದರು. ತನ್ವಿಯ ನಗು ಎಲ್ಲೋ ನಿಂತುಹೋಗಿತ್ತು.

"ಮಗಳ ಮದುವೆಗೆ..." ಅಂದರು ರಾಯರು. "ನಾನೇ ನಿಮ್ಮನ್ನ ಏರ್‌ಪೋರ್ಟಿಗೆ ಬಿಟ್ಟೆನಲ್ಲ? ಸೂಟ್‌ಕೇಸು ನಾನೇ ಇಳಿಸಿದ್ದೆ."

"ಹೌದ್ರಿ. ನೀವು ಹೋದ ಮ್ಯಾಲೆ ಬಸ್ ಹಿಡಿದು ರೂಮಿಗೆ ಬಂದೆರಿ. ಮೂರು ವಾರ ಹೊರಗ ಬರಲಿಲ್ಲ. ಮದಿವಿ ಫೋನಿನ್ಯಾಗ ನೋಡಿದೆ."

"ಸೂಟ್‌ಕೇಸಲ್ಲಿ ಏನಿತ್ತು?"

"ಹಾಸಿಗಿ, ಹೊದಿಕಿ. ತೂಕ ಇರಲಿ ಅಂತ ಅಕ್ಕಿ."

ರಾಯರು ಪಾಸ್‌ಪೋರ್ಟನ್ನು ಮುಚ್ಚಿ, ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು. ಕೈಗೆ ಕೊಡಲಿಲ್ಲ. ಎದ್ದು ಕಿಟಕಿಯ ಪರದೆ ಎಳೆದರು. ಹೊರಗೆ ಇನ್ನೂ ಬೆಳಕಿತ್ತು, ಎದುರು ಮನೆಯವರು ಹುಲ್ಲಿಗೆ ನೀರು ಬಿಡುತ್ತಿದ್ದರು.

"ಮೂರು ವರ್ಷ ನನ್ನ ಮನೇಲಿ..." ಅಂದರು. "ನಾಳೆ ಬರೋದು ಬೇಡ ಆಚಾರ್ರೇ. ನಾನು ಒಬ್ಬರನ್ನ ಕೇಳಿ ಹೇಳ್ತೀನಿ."

"ಶೇಷೂ," ಅಂದರು ಸತ್ಯವತಮ್ಮ.

"ಅಮ್ಮಾ, ನಿಮಗೆ ಇದೆಲ್ಲ ಗೊತ್ತಾಗಲ್ಲ. ದಯವಿಟ್ಟು."

ಯಾರನ್ನು ಕೇಳುತ್ತೀರಿ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ಆಮೇಲಿನ ನಾಲ್ಕು ದಿನ ನನ್ನನ್ನು ತಿಂದದ್ದು ಅದೇ ಪ್ರಶ್ನೆ. ವಕೀಲರನ್ನೋ? ಆಫೀಸಿನವರನ್ನೋ? ಫೋನು ಮಾಡಿ ಹೇಳುವ ಸರ್ಕಾರದ ನಂಬರು ಇದೆಯಂತಲ್ಲ, ಅವರನ್ನೋ? ರಾಯರು ಕೆಟ್ಟವರಲ್ಲ. ಆದರೆ ಖಾಲಿ ರಸ್ತೆಯಲ್ಲೂ ಮೂರು ಎಣಿಸುವವರು. ಇಂಥವರು ಒಳ್ಳೆಯವರಾಗಿದ್ದುಕೊಂಡೇ ಏನು ಮಾಡಿಬಿಡುತ್ತಾರೋ ಹೇಳಲು ಬಾರದು.

ಕೋಣೆಯ ಬಾಗಿಲು ಹಾಕಿಕೊಂಡು ಕೂತೆ. ಗೇಟು ಸದ್ದಾದರೆ ಒಲೆ ಆರಿಸುತ್ತಿದ್ದೆ. ಶುಕ್ರವಾರ ಪಾರ್ಸಲಿನವನು ಬಂದು ಬಾಗಿಲು ತಟ್ಟಿದಾಗ ಬಚ್ಚಲಲ್ಲಿ ನಿಂತು ವಿಷ್ಣು ಸಹಸ್ರನಾಮ ಶುರು ಮಾಡಿ, ಹನ್ನೊಂದನೆಯ ಹೆಸರಿಗೇ ಮರೆತೆ. ಮಗಳ ವಾಟ್ಸಾಪು ಬಂತು: ಅಪ್ಪಾ, ಎಲ್ಲಾ ಆರಾಮಾ? ಬಾಳೆಲೆಯ ಮೇಲೆ ಬಡಿಸಿದ ಊಟದ ಹಳೆಯ ಫೋಟೋ ಕಳಿಸಿ, ಆರಾಮ, ಭಾಳ ಕೆಲಸ ಅಂತ ಹೇಳಿದೆ. ಸತ್ಯವತಮ್ಮ ಏನು ಉಣ್ಣುತ್ತಿದ್ದಾರೋ ಎಂಬುದು ಇನ್ನೊಂದು ಸಂಕಟ. ನಾನಿಲ್ಲದೆ ಆ ಒಲೆ ಹಚ್ಚುವವರಿಲ್ಲ. ಹೋದ ವರ್ಷ ಆ ಮೂರು ವಾರ ಮಾಡಿ ಬಡಿಸಿದ ಮಾಧ್ವರ ಅಜ್ಜಿ ಊರಿಗೆ ವಾಪಸ್ ಹೋಗಿಬಿಟ್ಟಿದ್ದರು.

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಗೇಟಿನ ಹತ್ತಿರ 'ಟಕ್ ಟಕ್' ಎಂದು ಸದ್ದಾಯಿತು. ಬೂಟಿನದಲ್ಲ. ಕಿಟಕಿಯ ಸಂದಿಯಿಂದ ನೋಡಿದರೆ, ವಾಕರು ಊರಿಕೊಂಡು ಸತ್ಯವತಮ್ಮ ಹಿತ್ತಲಿನ ಕಲ್ಲುಹಾಸಿನ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಬರುತ್ತಿದ್ದರು. ಅವರ ಹಿಂದೆ ಯಾರೂ ಇರಲಿಲ್ಲ. ಬೀದಿಯಲ್ಲಿ ರಾಯರ ಕಾರು ನಿಂತಿತ್ತು.

ಓಡಿ ಹೋಗಿ ಬಾಗಿಲು ತೆರೆದೆ. ಒಂದೇ ಕುರ್ಚಿಯಿತ್ತು. ಕೂಡಿಸಿದೆ.

"ಏನಮ್ಮಾ ಇದು? ಒಬ್ಬರ ಬಂದ್ರಿ?"

"ಶೇಷು ಕಾರಲ್ಲಿದಾನೆ. ಒಳಗೆ ಬರಲ್ಲವಂತೆ. ಹತ್ತು ನಿಮಿಷ ಅಂದಿದಾನೆ, ಅವನು ಅನ್ನಲಿ." ಉಸಿರು ಏರಿತ್ತು. ಮುಖ ಇಳಿದಿತ್ತು.

"ನಾಕು ದಿನ ಏನು ಉಂಡ್ರಿ?"

"ಮಾವಿನಹಣ್ಣು, ಹಾಲು. ತನ್ವಿ ಬ್ರೆಡ್ ತಂದು ಇಟ್ಟಳು ಪಾಪ. ಅಳುತ್ತಾ ಇಟ್ಟಳು. ನಾನು ಮುಟ್ಟಲಿಲ್ಲ, ಅದಕ್ಕೆ ಇನ್ನೂ ಅತ್ತಳು." ಸ್ವಲ್ಪ ಸುಧಾರಿಸಿಕೊಂಡರು. "ಅದಿರಲಿ. ನಿನ್ನ ಹತ್ತಿರ ಗೋಧಿ ಇದೆಯೇನೋ? ಅಕ್ಕಿ, ಹೆಸರುಬೇಳೆ?"

"ಅದಾವರಿ. ಯಾಕ?"

"ಹುರಿಹಿಟ್ಟು ಮಾಡಿಕೊಡು. ಹನ್ನೆರಡು ದಿನಕ್ಕೆ ಆಗೋವಷ್ಟು. ಶೇಷು ನನ್ನ ಟಿಕೀಟು ಇನ್ನೂ ರದ್ದು ಮಾಡಿಸಿಲ್ಲ."

ನಾನು ಅವರ ಮುಖ ನೋಡಿದೆ.

"ನೀರು ತಾಕಿಸದೆ ಹುರಿದು ಪುಡಿ ಮಾಡಿದ್ದಕ್ಕೆ ಮುಸುರೆ ಇಲ್ಲ, ಎಲ್ಲಿಗೆ ತಗೊಂಡು ಹೋದ್ರೂ ಮಡಿ ಕೆಡಲ್ಲ. ಹಾಲಲ್ಲಿ ಕಲಸಿ, ಬೆಲ್ಲ ಹಾಕಿ ತಿಂತೀನಿ. ನಮ್ಮತ್ತೆ ಕಾಶಿಗೆ ಹೋದಾಗ ಒಂದು ತಿಂಗಳು ಅದರಲ್ಲೇ ಕಳೆದರು. ನಿನ್ನ ಕೈ ಅಡಿಗೆ ರುಚಿ ಹತ್ತಿ ನನಗೇ ಮರೆತುಹೋಗಿತ್ತು. ನಾಲ್ಕು ದಿನ ಉಪವಾಸ ಕೂತಾಗ ನೆನಪಾಯ್ತು."

"ಹನ್ನೆರಡು ದಿನ ಬರೇ ಹಿಟ್ಟೇನ್ರಿ? ಈ ವಯಸ್ಸಿನ್ಯಾಗ?"

"ಜಿರಾಫೆ ಆ ಕುತ್ತಿಗೆ ಇಟ್ಕೊಂಡು ಬಗ್ಗುತ್ತಂತೆ, ನಾನು ಇಷ್ಟು ಮಾಡಲ್ವಾ? ಹೋಗು, ಸ್ನಾನ ಮಾಡು."

ಸ್ನಾನ ಮಾಡಿ ಮಡಿ ಉಟ್ಟು ಬಂದೆ. ದಪ್ಪ ತಳದ ಬಾಣಲೆ ಇಟ್ಟು ಮೊದಲು ಗೋಧಿ ಹುರಿದೆ. ಕೆಂಪಗಾಗಿ ಸಿಡಿಯಲು ಶುರುವಾಯಿತು. ಆಮೇಲೆ ಅಕ್ಕಿ, ಆಮೇಲೆ ಬೇಳೆ. ಆ ಸಣ್ಣ ಕೋಣೆಯ ತುಂಬ ಹುರಿದ ವಾಸನೆ ತುಂಬಿಕೊಂಡಿತು. ಹತ್ತು ನಿಮಿಷ ಎಂದೋ ಕಳೆದಿತ್ತು. ಬೀದಿಯಲ್ಲಿ ಒಂದು ಸಲ ಹಾರನ್ನು ಕೇಳಿಸಿತು. ಅವರೂ ಅಲುಗಲಿಲ್ಲ, ನಾನೂ ಒಲೆ ಸಣ್ಣದು ಮಾಡಲಿಲ್ಲ.

"ರಾಯರು ಯಾರನ್ನ ಕೇಳಿದ್ರಿ ಅಮ್ಮಾ?" ಅಂದೆ, ಬೆನ್ನು ತಿರುಗಿಸಿಯೇ.

"ಯಾರೋ ವಕೀಲರಂತೆ. ಬಾಗಿಲು ಹಾಕ್ಕೊಂಡು ಮಾತಾಡಿದ. ನನಗೆ ಏನೂ ಹೇಳಲಿಲ್ಲ." ವಾಕರನ್ನು ಪಕ್ಕಕ್ಕೆ ಸರಿಸಿದ ಸದ್ದಾಯಿತು. "ಎಲ್ಲ ಸರಿಹೋಗುತ್ತೆ ಅಂತ ನಿನಗೆ ಹೇಳಬಹುದು ನಾನು. ಆದರೆ ಮೊನ್ನೆ ನೋಡಿದೆಯಲ್ಲ, ನನಗೆ ಸುಳ್ಳು ಹೇಳಕ್ಕೆ ಬರಲ್ಲ."

ಮಿಕ್ಸಿಯಲ್ಲಿ ಪುಡಿ ಮಾಡಿ ಜರಡಿ ಹಿಡಿದೆ. ಏಲಕ್ಕಿ ಹಾಕಿದೆ. ಬೆಲ್ಲವನ್ನು ಬೇರೆ ಡಬ್ಬಿಯಲ್ಲಿ ಹೆರೆದು ತುಂಬಿದೆ. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಶೇಷಗಿರಿ ರಾಯರು. ಹೊಸ್ತಿಲ ಹೊರಗೇ ನಿಂತರು. ಕೋಣೆಯನ್ನು ಒಮ್ಮೆ ನೋಡಿದರು: ಗೋಡೆಗೆ ಒರಗಿಸಿದ ಹಾಸಿಗೆ, ಮೊಳೆಗೆ ಸಿಕ್ಕಿಸಿದ ಎರಡು ಅಂಗಿ, ರಾಘವೇಂದ್ರ ಸ್ವಾಮಿಗಳ ಪಟ. ಆ ಕಣ್ಣು ನನ್ನ ತನಕ ಬರಲಿಲ್ಲ.

"ಅಮ್ಮಾ, ಗಂಟೆ ಆಯ್ತು."

"ಡಬ್ಬಿ ಎತ್ಕೊ. ಮುಚ್ಚಳ ತೆಗೀಬೇಡ."

ಅವರು ಬಗ್ಗಿ ಡಬ್ಬಿಗಳನ್ನು ಎತ್ತಿಕೊಂಡರು. ಇನ್ನೂ ಬಿಸಿಯಿದ್ದವು, ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

"ಇದು ಎಷ್ಟು ದಿನ ಇರುತ್ತೆ ಆಚಾರ್ರೇ?"

"ತಿಂಗಳು ಇರ್ತದರಿ. ಹಸಿ ಚಮಚ ಹಾಕಬ್ಯಾಡ್ರಿ."

"ಸರಿ." ಅಮ್ಮನ ತೋಳಿಗೆ ಕೈ ಕೊಟ್ಟು ಎಬ್ಬಿಸಿದರು. ಎರಡು ಮೆಟ್ಟಿಲು ಇಳಿಸಿದರು. ಕಲ್ಲುಹಾಸಿನ ನಡುವೆ ನಿಂತರು, ತಿರುಗದೆಯೇ. "ಇಪ್ಪತ್ತೆರಡನೇ ತಾರೀಕು ವಾಪಸ್ ಬರ್ತೀವಿ ನಾವು."

"ಆಗ್ಲಿರಿ," ಅಂದೆ.

ಇಪ್ಪತ್ತಮೂರಕ್ಕೆ ಬಾ ಎಂದರೋ, ಅಲ್ಲಿಯ ತನಕ ಎಲ್ಲಿಗಾದರೂ ಹೋಗು ಎಂದರೋ, ತಿಳಿಯಲಿಲ್ಲ. ಅವರಿಗೂ ತಿಳಿದಿತ್ತೋ ಇಲ್ಲವೋ. ಗೇಟಿನ ತನಕ ಹೋಗಿ ನಿಂತೆ. ಸತ್ಯವತಮ್ಮ ಮಾತ್ರ ಕಾರಿನ ಕಿಟಕಿಯಿಂದ ನನ್ನ ಕಡೆ ನೋಡುತ್ತಿದ್ದರು, ಕಾರು ಬೀದಿಯ ಕೊನೆಗೆ ಹೋಗಿ, ಸ್ಟಾಪ್ ಬೋರ್ಡಿನ ಮುಂದೆ ನಿಂತು, ಬಹಳ ಹೊತ್ತಿನ ಮೇಲೆ ತಿರುಗುವ ತನಕ.